ಅಪ್ಪನ ಹಳೆಯ ಸ್ಪೀಕರುಗಳು

ಲಾನ್ಸೆಸ್ಟನ್, ಶನಿವಾರ

ಅಪ್ಪಾ,

ನೀನು ತೀರಿಹೋದ ಮೇಲೆ ಮೂಲೆಯಲ್ಲಿದ್ದ ಸ್ಪೀಕರುಗಳನ್ನು ಮಾರೋಣವೆಂದು ಇವತ್ತು ಬೆಳಿಗ್ಗೆ ರಿಪೇರಿಯ ಸ್ಟಾವ್ರೋಸ್‌ನನ್ನು ಕರೆಸಿದ್ದೆ. ಅವನು ಹಿಂದಿನ ಹಲಗೆ ಬಿಚ್ಚಿ, ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್‌ನಿಂದ ಹೆಬ್ಬೆರಳಿನಷ್ಟು ದಪ್ಪದ ಕೆಪಾಸಿಟರ್‌ಗಳನ್ನು ಕಿತ್ತು ಮೀಟರಿಗೆ ಹಿಡಿದ.

"ಏನಮ್ಮಾ ಇದು, ಪೂರ್ತಿ ಒಣಗಿಹೋಗಿವೆ! ಮೇಲಿನ ಸ್ವರ ಇವನ್ನ ದಾಟ್ಕೊಂಡೇ ಬರ್ಬೇಕು. ಎಷ್ಟೋ ವರ್ಷದಿಂದ ಇದ್ರಲ್ಲಿ ಅರ್ಧ ಸಂಗೀತಾನೇ ಬಂದಿಲ್ಲ" ಎಂದ.

ಟಾರ್ಚ್ ಹಿಡಿದಿದ್ದ ನನಗೆ, ನೀನು ಇದೇ ಸ್ಪೀಕರುಗಳ ಮುಂದೆ ರೆಕಾರ್ಡು ಕೇಳುತ್ತ ಕೂತಿದ್ದ ಆ ದಿನ ನೆನಪಾಯಿತು.

"ಕಂಚಿನ ತಾಳದ ಸದ್ದೇ ಕೇಳಿಸ್ತಿಲ್ಲ ಕಣೇ ಮಾರ್ನೀ. ನಮ್ಮ ಬ್ಯಾಂಡಲ್ಲಿ ಊದುವಾಗ ಚೆನ್ನಾಗಿ ಕೇಳಿಸುತ್ತಲ್ಲ?" ಎಂದು ನೀನು ಅವತ್ತು ಕೇಳಿದ್ದೆ.

"ಅಲ್ಲಿ ಅಭ್ಯಾಸಬಲದಿಂದ ಕೇಳಿಸಿದ ಹಾಗನ್ಸುತ್ತೆ ಅಪ್ಪಾ. ಕಿವಿ ಹೋಗಿದೆ, ಒಪ್ಕೋ" ಎಂದವಳು ನಾನು.

ನೀನು ಒಪ್ಪಿಕೊಂಡೆ. ಮರುವಾರವೇ ಊರಿನ ಬ್ಯಾಂಡು ಬಿಟ್ಟೆ. ನಲವತ್ತು ವರ್ಷ ಊದಿದ ಕಾರ್ನೆಟ್ ತುತ್ತೂರಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಒಮ್ಮೆ ಕಿವಿ ಪರೀಕ್ಷೆ ಮಾಡಿಸು ಎಂದು ಕೂಡ ನಾನು ಹೇಳಲಿಲ್ಲ.

ಸ್ಟಾವ್ರೋಸ್ ಹೊಸ ಕೆಪಾಸಿಟರ್‌ಗಳಿಗೆ ಬೆಸುಗೆ ಹಾಕಿ ನಿನ್ನದೇ ಒಂದು ರೆಕಾರ್ಡು ಹಚ್ಚಿದ. ಯಾರೋ ಮಗ್ಗುಲಲ್ಲೇ ನಿಂತು ಬಾರಿಸಿದಂತೆ ತಾಳ ಝಲ್ಲೆಂದಿತು. ನಾನು ಬೆಚ್ಚಿ ಪಕ್ಕಕ್ಕೆ ತಿರುಗಿ ನೋಡಿದೆ. ಚಹಾ ತಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಪಾಪ, ಅವ್ರಿಗೆ ಇದು ಕೇಳಿಸ್ತಾನೇ ಇರ್ಲಿಲ್ಲ" ಎಂದಳು.

"ನಮಗೂ ಕೇಳಿಸ್ತಿರ್ಲಿಲ್ಲ ಅಮ್ಮಾ. ಆ ಸದ್ದು ಇಲ್ಲ ಅನ್ನೋದು ಗೊತ್ತಾಗಿದ್ದು ಅಪ್ಪನಿಗೊಬ್ಬನಿಗೇ" ಎಂದೆ.