ಹವಳಕ್ಕೆ ಬಾಯಿ ಹಾಕಿದ ಕುಳ್ಳ ಏಂಜೆಲ್

ಹೇರೋಹಳ್ಳಿ, ಬೆಂಗಳೂರು
11-2-2007, ಭಾನುವಾರ ಮಧ್ಯಾಹ್ನ

ಕವನಾಳ ಅಪ್ಪನವರಿಗೆ, ನಿಮ್ಮ ಲಿಂಗಮ್ಮ ಮನೆಯಲ್ಲಿ ಕೂತು ಕೈಮುಗಿದು ಬರೆಯುವುದು.

ಹೇಗಿದ್ದೀರಿ? ಬಲಗೈಯ ಎರಡು ಬೆರಳು ಮಡಚಲು ಬರುತ್ತಿವೆ ಎಂದು ಕವನಾ ಫೋನಿನಲ್ಲಿ ಹೇಳಿದಳು. ಕೇಳಿ ಎಷ್ಟು ಸಂತೋಷವಾಯಿತೆಂದರೆ ಅಂಗನವಾಡಿಯಲ್ಲಿ ಮಕ್ಕಳಿಗೆ ಒಂದರಿಂದ ಹತ್ತು ಹೇಳಿಕೊಡುವ ಬದಲು ಎರಡರಲ್ಲೇ ನಿಲ್ಲಿಸಿಬಿಟ್ಟೆ. ಎಣ್ಣೆ ತಿಕ್ಕುವವರು ಸ್ವಲ್ಪ ಜೋರಾಗಿ ತಿಕ್ಕಿದರೂ ಅವರ ಮೇಲೆ ರೇಗಬೇಡಿ. ಮೈಸೂರಿನಲ್ಲಿ ಅಷ್ಟು ಒಳ್ಳೆಯ ವೈದ್ಯರು ಸಿಕ್ಕಿದ್ದೇ ನಮ್ಮ ಪುಣ್ಯ. ಊಟಕ್ಕೆ ಉಪ್ಪು ಕಡಿಮೆಯಂತೆ, ಇರಲಿ. ಅಳಿಯಂದಿರ ಎದುರು ತಲೆಯಾಡಿಸಿ, ಆಮೇಲೆ ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ನೆಕ್ಕುವ ನಿಮ್ಮ ಬುದ್ಧಿ ನನಗೆ ಗೊತ್ತು. ಭರಣಿ ಎತ್ತಿಡಲು ಕವನಾಗೆ ಹೇಳಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಒಂದು ಮಾತು ಬಾಯಿಗೆ ಬರುವುದರೊಳಗೆ ನಾನು ಹತ್ತು ಮಾತು ಆಡಿ ಮುಗಿಸಿರುತ್ತೇನೆ, ನಿಮಗೆ ಸಿಟ್ಟು ಬರುತ್ತದೆ. ಪತ್ರವಾದರೆ ಬೇಕಾದ ಕಡೆ ನಿಲ್ಲಿಸಿ, ನಿಧಾನವಾಗಿ ಬೈಯಬಹುದು. ಬೈಯುವಂಥದ್ದು ಇದೆ. ನಿಮ್ಮ ಮೀನಿನ ತೊಟ್ಟಿಯ ವಿಷಯ.

ಎರಡು ತಿಂಗಳ ಹಿಂದೆ ಮೈಸೂರಿಗೆ ಹೋಗಲು ಕಾರು ಹತ್ತುವಾಗ ನೀವು ಹೇಳಿದ್ದು ಒಂದೇ ಮಾತು. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ನೀವು ಮಾತಾಡಿದ್ದು ಅದೇ ಮೊದಲು. “ನನ್ ಕೈಲಿ ಇನ್ ಆಗಲ್ಲ ಕಣೇ. ತೊಟ್ಟಿ ನಾಣಿಗೆ ಕೊಟ್ಬಿಡು.” ವಿಜಯನಗರದ ಸಾಕುವ ಮೀನಿನ ಅಂಗಡಿ ನಾಣಿಗೆ ಅಂದೇ ಹೇಳಿ ಕಳಿಸಿದೆ. ಅವನು, ಅಂಗಡಿಯಲ್ಲಿ ಜಾಗ ಮಾಡಿಕೊಂಡು ಬರುತ್ತೇನಮ್ಮ, ಅಲ್ಲಿಯವರೆಗೆ ನೋಡಿಕೊಳ್ಳಿ ಎಂದ. ನನಗೋ, ಆ ತೊಟ್ಟಿ ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮಿಲ್ಲು ಮುಚ್ಚಿದ ವರ್ಷ ನೀವು ನಾಲ್ಕಡಿ ಗಾಜಿನ ತೊಟ್ಟಿ ತಂದು ನಡುಮನೆಯಲ್ಲಿ ಇಟ್ಟಾಗ ಮೂರು ದಿನ ನಿಮ್ಮೊಂದಿಗೆ ಮಾತು ಬಿಟ್ಟಿದ್ದೆ. ನಮ್ಮ ಬೀದಿಗೆ ಕುಡಿಯುವ ನೀರು ಬರುವುದೇ ವಾರಕ್ಕೆರಡು ಸಲ, ಈ ಮನುಷ್ಯ ನೀರಿಗೆ ಉಪ್ಪು ಕದಡಿ ಮನೆಯೊಳಗೆ ಸಮುದ್ರ ಮಾಡಲು ಹೊರಟಿದ್ದಾನಲ್ಲ ಎಂದು.

ಇರಲಿ, ಜವಾಬ್ದಾರಿ ಬಿದ್ದ ಮೇಲೆ ನಾನು ಸುಮ್ಮನೆ ಕೂರುವವಳಲ್ಲ. ನೀವು ಹೋದ ಮರುದಿನವೇ ನೋಡಿದರೆ ಕಲ್ಲಿನ ಮೇಲೆ, ಹಿಂದಿನ ಗಾಜಿನ ಮೇಲೆ ಎಲ್ಲ ಹಸಿರು ಪಾಚಿ. ಇಷ್ಟು ವರ್ಷ ಇದನ್ನು ಹೇಗೆ ಬಿಟ್ಟರಪ್ಪ ಎಂದುಕೊಂಡು ಹೊಸದೊಂದು ಟೂತ್ ಬ್ರಷ್ ತೆಗೆದೆ. ದಿನಾ ಸಂಜೆ ಉಲ್ಲಾಳದ ಅಂಗನವಾಡಿಯಿಂದ ಬಂದು, ಕಾಫಿ ಕುಡಿದು, ಮೊಣಕೈವರೆಗೆ ನೀರಿಗೆ ಕೈ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಸಂಕ್ರಾಂತಿ ಹೊತ್ತಿಗೆ ನಮ್ಮ ಕಲ್ಲುಗಳು ಹಬ್ಬಕ್ಕೆ ಬೆಳಗಿದ ಪಾತ್ರೆಯ ಹಾಗೆ ಆಗಿದ್ದವು. ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಕೊಪ್ಪಳದ ಕಡೆಯ ಪಾರವ್ವ, ಗಾರ್ಮೆಂಟ್ಸಿಗೆ ಹೋಗುತ್ತಾಳಲ್ಲ, ಅವಳು ಬಂದು ನೋಡಿ ನಿಮ್ಮ ಕುಳ್ಳ ಏಂಜೆಲ್ ಮೀನನ್ನು ಬಹಳ ಮೆಚ್ಚಿದಳು. “ಏನ್ ಬಣ್ಣಾರೀ ಅಕ್ಕಾರ! ನೇರಳಿ ಸೀರಿಗೆ ಕಿತ್ತಳಿ ಸೆರಗು ಹಚ್ಚಿದಂಗ ಐತಿ,” ಎಂದಳು. ಅಂಗೈಯೊಳಗೆ ಹಿಡಿಸುವಷ್ಟು ಮೀನು, ಅದರ ಗತ್ತು ನೋಡಿದರೆ ಇಡೀ ತೊಟ್ಟಿ ಅವನ ಹೆಸರಿಗೇ ಖಾತೆಯಾಗಿದೆಯೋ ಎಂಬಂತೆ. ಇಡೀ ದಿನ ಕಲ್ಲಿನಿಂದ ಕಲ್ಲಿಗೆ ಓಡಾಡುತ್ತಾ ಮೂತಿಯಿಂದ ಕುಟುಕುವುದೇ ಕೆಲಸ. ಅವನನ್ನು ನೋಡುವುದಕ್ಕೆಂದೇ ನಾನೂ ತಟ್ಟೆ ತಂದು ನಡುಮನೆಯಲ್ಲಿ ಊಟ ಮಾಡುವುದು ರೂಢಿಯಾಯಿತು. ನಗಬೇಡಿ.

ಜನವರಿ ಕೊನೆಯಲ್ಲಿ, ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಅರಳುತ್ತಿದ್ದ ನಿಮ್ಮ ಬಟನ್ ಹವಳಗಳು ಮುಚ್ಚಿಕೊಂಡವು. ಬೆಳಕು ಹಾಕಿದರೂ ಅರಳಲಿಲ್ಲ. ನೀರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ನೀವು ತೋರಿಸಿಕೊಟ್ಟ ಹಾಗೆ ಅಳತೆಯ ಕೊಳವೆ ಬಿಟ್ಟು ನೋಡಿದೆ, ಸರಿಯಾಗಿಯೇ ಇತ್ತು. ನಾಲ್ಕನೆಯ ದಿನ ಕಳ್ಳ ಸಿಕ್ಕಿಬಿದ್ದ. ಒಂದು ಬಟನ್ ಹೆದರಿಕೊಂಡೇ ಸ್ವಲ್ಪ ಅರಳಿತು ನೋಡಿ, ಏಂಜೆಲ್ ಮಹಾಶಯರು ಬಂದರು, ಅಡ್ಡ ತಿರುಗಿ ಒಂದು ಕಣ್ಣಲ್ಲಿ ದಿಟ್ಟಿಸಿದರು, ಟಕ್ಕನೆ ಕಚ್ಚಿದರು. ಆಮೇಲೆ ಪಕ್ಕದ್ದು. ನಾನು ಸೌಟು ಹಿಡಿದು ಗಾಜು ಬಡಿದೆ. ಅವನು ಕಲ್ಲಿನ ಸಂದಿಗೆ ಹೋಗಿ, ನಾನು ತಿರುಗುತ್ತಲೇ ಮತ್ತೆ ಬಂದ. ಒಂದೊಂದು ಹವಳದ ತುಂಡನ್ನೂ ನೀವು ಎಷ್ಟು ಜೋಪಾನವಾಗಿ ಅಂಟಿಸಿ ಬೆಳೆಸಿದ್ದಿರಿ. ನೀವು ತಿರುಗಿ ಬರುವ ಹೊತ್ತಿಗೆ ಬರೀ ಕಲ್ಲು ಉಳಿದರೆ ಯಾವ ಮುಖ ಇಟ್ಟುಕೊಂಡು ನಿಮ್ಮ ಎದುರು ನಿಲ್ಲಲಿ? ನಾಣಿಗೆ ಫೋನು ಮಾಡಿ, ಈ ಮೀನನ್ನು ಮೊದಲು ತೆಗೆದುಕೊಂಡು ಹೋಗು ಎಂದೆ. ಭಾನುವಾರ ಬರುತ್ತೇನೆ ಎಂದ.

ಕಳೆದ ಭಾನುವಾರ ಬೆಳಿಗ್ಗೆ ಅವನು ಬರುವುದಕ್ಕೆ ತಡವಾಯಿತು, ನನಗೆ ತಾಳ್ಮೆ ಎಲ್ಲಿ? ಬಲೆ ಹಿಡಿದು ನಾನೇ ಕೆಲಸಕ್ಕಿಳಿದೆ. ಕಲ್ಲುಗಳು ಇರುವ ತನಕ ಅವನು ಸಿಗುವುದಿಲ್ಲ ಎಂದು ಗೊತ್ತಾಗಲು ಒಂದು ಗಂಟೆ ಬೇಕಾಯಿತು. ಕೊನೆಗೆ ಪಾರವ್ವನನ್ನು ಕರೆದೆ. ಬಟ್ಟೆ ನೆನೆಸುವ ಟಬ್ಬು, ನೀರು ಹಿಡಿಯುವ ಡ್ರಮ್ಮು, ಎಲ್ಲ ತೊಳೆದು ತಂದು, ತೊಟ್ಟಿಯಲ್ಲಿ ಒಂದು ಗೇಣು ಬಿಟ್ಟು ಉಳಿದ ನೀರನ್ನೆಲ್ಲ ಪೈಪು ಹಾಕಿ ಅವುಗಳಿಗೆ ಇಳಿಸಿದೆವು. ಹವಳ ಅಂಟಿಕೊಂಡಿರುವ ಕಲ್ಲುಗಳನ್ನು ಹಸುಗೂಸನ್ನು ಎತ್ತಿದ ಹಾಗೆ ಒಂದೊಂದಾಗಿ ಎತ್ತಿಟ್ಟೆವು. ಉಳಿದ ಮೀನುಗಳು ಸುಲಭವಾಗಿ ಬಂದವು. ಕೊನೆಯ ಕಲ್ಲು ಎತ್ತಿದಾಗ ಇವನು ಬಲೆಗೆ ಬಿದ್ದ. ಗೆದ್ದೆ ಎಂದು ಎತ್ತಿ ಬಕೆಟ್ಟಿಗೆ ಬಿಡಲು ಹೋದರೆ ಬಲೆ ಬಿಟ್ಟು ಬರಲೊಲ್ಲ! ಅವನ ಕೆನ್ನೆಯ ಹತ್ತಿರ ಒಂದು ಮುಳ್ಳಿದೆಯಲ್ಲ, ಅದು ಬಲೆಯ ಎಳೆಗೆ ಸಿಕ್ಕಿಕೊಂಡಿತ್ತು. ಒದ್ದಾಡಿದಷ್ಟೂ ಇನ್ನಷ್ಟು ಸುತ್ತಿಕೊಂಡಿತು. ಎಳೆದರೆ ಕೆನ್ನೆ ಹರಿದುಹೋಗುತ್ತಿತ್ತು.

ಆಗ ನೋಡಿ, ಒಂದು ನಿಮಿಷದ ಹಿಂದೆ ಇವನು ತೊಲಗಿದರೆ ಸಾಕು ಎಂದುಕೊಳ್ಳುತ್ತಿದ್ದವಳು, ಅಯ್ಯೋ ಶಿವನೇ ಉಳಿಸಪ್ಪ ಎನ್ನುತ್ತಿದ್ದೆ. ಬಲೆ ಸಮೇತ ಬಕೆಟ್ಟಿನ ನೀರೊಳಗೆ ಮುಳುಗಿಸಿ ಹಿಡಿದೆ. ಪಾರವ್ವ ಮೇಲಕ್ಕೆ ಓಡಿ ನೂಲು ಕತ್ತರಿಸುವ ತನ್ನ ಸಣ್ಣ ಕತ್ತರಿ ತಂದಳು. “ನೀವ್ ಅಲುಗಾಡಬ್ಯಾಡ್ರಿ ಅಕ್ಕಾರ, ಗಟ್ಟಿ ಹಿಡ್ಕೋರಿ. ದಿನಾ ಸಾವಿರ ಎಳಿ ಕತ್ತರಸ್ತೀನಿ ನಾ,” ಎಂದು ನೀರೊಳಗೇ ಒಂದೊಂದು ಎಳೆ ಹುಡುಕಿ ಕತ್ತರಿಸಿದಳು. ಆರೇಳು ಎಳೆ ಇರಬೇಕು, ಹೆಚ್ಚಿಲ್ಲ. ನನಗೆ ಒಂದು ಸೀರೆಯ ಎಳೆಯನ್ನೆಲ್ಲ ಬಿಡಿಸಿದಷ್ಟು ಹೊತ್ತು ಅನ್ನಿಸಿತು. ಕೊನೆಯ ಎಳೆ ಬಿಟ್ಟಿದ್ದೇ ಅವನು ಬಕೆಟ್ಟಿನ ತಳಕ್ಕೆ ಹೋಗಿ ಒರಗಿದ. ಸತ್ತನೆಂದೇ ತಿಳಿದು ಅಲ್ಲೇ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಎದ್ದು, ಬಕೆಟ್ಟಿಗೊಂದು ಸುತ್ತು ಹಾಕಿ, ನನ್ನ ಬಳೆಯನ್ನು ಕುಟುಕಿದ. ನಾವಿಬ್ಬರೂ ನಕ್ಕಿದ್ದಕ್ಕೆ ಎದುರು ಮನೆಯವರು ಬಾಗಿಲು ತೆಗೆದು ನೋಡಿದರು.

ನಾಣಿ ಬಂದಿದ್ದು ಆಗ. ಮೀನು ನೋಡುವ ಮೊದಲು ಅವನು ನೋಡಿದ್ದು ಟಬ್ಬಿನಲ್ಲಿದ್ದ ಕಲ್ಲುಗಳನ್ನು. ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, “ಅಮ್ಮಾ, ಇದನ್ನ ಹಿಂಗ್ ತಿಕ್ಕಿದ್ದು ಯಾರು?” ಎಂದ. ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವನು ಹಣೆ ಹಣೆ ಬಡಿದುಕೊಂಡ. “ಅದ್ರ ಊಟಾನೇ ತೊಳ್ದಾಕ್ಬಿಟ್ಟಿದೀರಲ್ಲಮ್ಮಾ! ಇದು ದಿನವಿಡೀ ಪಾಚಿ ಮೇಯೋ ಮೀನು. ನೀವ್ ಹೊತ್ತಿಗೊಂದ್ ಚಿಟಿಕೆ ಹಾಕ್ತೀರ, ಅದಕ್ಕೆಲ್ಲಿ ಸಾಕಾಗತ್ತೆ? ಹಸ್ಕೊಂಡು ಹವಳಕ್ಕೆ ಬಾಯಿ ಹಾಕಿದೆ. ಸಾರ್ ಯಾಕೆ ಹಿಂದಿನ ಗಾಜು ಮುಟ್ತಿರ್ಲಿಲ್ಲ ಅನ್ಕೊಂಡ್ರಿ?” ನಾನು ಸೋಮಾರಿತನ ಎಂದುಕೊಂಡಿದ್ದೆ. ಆರು ವರ್ಷದಿಂದ ಹಾಗೆಂದು ನಿಮ್ಮನ್ನು ಆಡಿಕೊಂಡಿದ್ದೇನೆ. ತಪ್ಪಾಯಿತು, ಬರೆದು ಕೊಟ್ಟಿದ್ದೇನೆ, ಈ ಹಾಳೆ ಇಟ್ಟುಕೊಳ್ಳಿ.

ಈ ಜಾತಿಯಲ್ಲಿ ಕೆಲವು ಮೀನು ಹೊಟ್ಟೆ ತುಂಬಿದ್ದರೂ ಹವಳ ಕಚ್ಚುವುದುಂಟು, ಖಾತ್ರಿ ಇಲ್ಲ, ಬೇಕಾದರೆ ಈಗಲೇ ಒಯ್ಯುತ್ತೇನೆ ಎಂದು ನಾಣಿ ಹೇಳಿದ. ನಾನು ಬಕೆಟ್ಟು ನೋಡಿದೆ. ಹತ್ತು ದಿನ ನೋಡುತ್ತೇನಪ್ಪ, ಎಂದೆ. ಸಂಜೆ ನೀರು, ಕಲ್ಲು, ಮೀನು ಎಲ್ಲ ತೊಟ್ಟಿಗೆ ವಾಪಸು ಹೋದವು. ಪಾಲಕ್ ಸೊಪ್ಪನ್ನು ಕುದಿಯುವ ನೀರಲ್ಲಿ ಒಂದು ಕ್ಷಣ ಅದ್ದಿ, ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಗಾಜಿಗೆ ಸಿಕ್ಕಿಸಲು ನಾಣಿ ಹೇಳಿಕೊಟ್ಟು ಹೋಗಿದ್ದ. ಮೊದಲೆರಡು ದಿನ ಸಾಹೇಬರು ಸೊಪ್ಪನ್ನು ತಿರುಗಿಯೂ ನೋಡಲಿಲ್ಲ, ಹವಳಕ್ಕೇ ಹೋದರು. ಬುಧವಾರ ಒಂದು ತುದಿ ಹರಿದರು. ಗುರುವಾರ ನಾನು ಅಂಗನವಾಡಿಯಿಂದ ಬಂದು ನೋಡಿದರೆ ಕ್ಲಿಪ್ಪಿನಲ್ಲಿ ಬರೀ ದಂಟು! ಈಗ ಹಿಂದಿನ ಗಾಜಿನ ಮೇಲೂ ತೆಳ್ಳಗೆ ಹಸಿರು ಬರುತ್ತಿದೆ, ನಾನು ಮುಟ್ಟುವುದಿಲ್ಲ, ಪ್ರಮಾಣ. ಇವತ್ತು ಬೆಳಿಗ್ಗೆ ಬಟನ್ ಹವಳಗಳು ಅರಳಿವೆ. ಎಲ್ಲವೂ ಅಲ್ಲ. ಎಡಗಡೆ ಮೂಲೆಯಲ್ಲಿದ್ದ ಹಸಿರು ಗೊಂಚಲು ಪೂರ್ತಿ ಹೋಯಿತು, ಅದು ನೀವು ತಂದ ಮೊಟ್ಟಮೊದಲ ಹವಳ ಎಂದು ನನಗೆ ಗೊತ್ತು. ಮುಚ್ಚಿಡುವುದು ಬೇಡವೆನ್ನಿಸಿತು. ಉಳಿದವುಗಳ ಪಕ್ಕದಿಂದಲೇ ಅವನು ಓಡಾಡುತ್ತಾನೆ, ಒಮ್ಮೊಮ್ಮೆ ನಿಂತು ನೋಡುತ್ತಾನೆ. ನಾನು ಗಂಟಲು ಕೆರೆದು ಕೆಮ್ಮುತ್ತೇನೆ. ಹೋಗುತ್ತಾನೆ.

ಕವನಾಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸಿ. ಪಾರವ್ವ ನಿಮ್ಮನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಬೆರಳಿನ ವ್ಯಾಯಾಮ ತಪ್ಪಿಸಬೇಡಿ. ಶಿವ ನಿಮ್ಮನ್ನು ಬೇಗ ಮನೆಗೆ ನಡೆಸಿಕೊಂಡು ಬರಲಿ.

ಇಂತಿ ನಿಮ್ಮ,
ಲಿಂಗಮ್ಮ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಪಾರವ್ವ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕಳೆದ ಭಾನುವಾರ ಹೊರಡುವಾಗ ನಾಣಿ, ಇಡೀ ತೊಟ್ಟಿ ಯಾವತ್ತು ಒಯ್ಯಲಿ ಎಂದು ಕೇಳಿದ. ಕೊಡುವುದಿಲ್ಲ ಎಂದುಬಿಟ್ಟೆ. ಹೇಗೂ ಅವತ್ತು ತೊಟ್ಟಿ ಖಾಲಿಯಿತ್ತಲ್ಲ, ನಮ್ಮ ಬೀದಿಯ ವೆಲ್ಡಿಂಗ್ ಕೆಂಪಯ್ಯನನ್ನು ಕರೆಸಿ ಕಬ್ಬಿಣದ ಸ್ಟ್ಯಾಂಡಿನ ಕಾಲುಗಳನ್ನು ಒಂದು ಮೊಳ ಕತ್ತರಿಸಿ ಹಾಕಿಸಿದೆ. ಕೆಳಗಿದ್ದ ಫಿಲ್ಟರ್ ಪೆಟ್ಟಿಗೆ ಈಗ ಪಕ್ಕದಲ್ಲಿದೆ. ನೀವು ಇನ್ನು ಸ್ಟೂಲು ಹತ್ತಬೇಕಾಗಿಲ್ಲ. ಕೈಯಿರುವ ಕುರ್ಚಿ ತಂದಿಟ್ಟು, ಬಲಗೈ ಸೆರಗಿನಲ್ಲಿ ಸುತ್ತಿಕೊಂಡು, ಬರೀ ಎಡಗೈ ಹಾಕಿ ನಾನೇ ಕೂತು ನೋಡಿದೆ. ಮೊಣಕೈವರೆಗೂ ನೀರು ಸಿಗುತ್ತದೆ.