ಐದು ಬಾಕ್ಸು ಕೈಬದಲು

ಒಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ
ಅಂಗಡಿಯ ಷಟರು ಅರ್ಧ ಎಳೆದುಕೊಂಡು

ಪ್ರೀತಿಯ ಅಕ್ಕನಿಗೆ,

ನಿನ್ನ ಒಬ್ಬನೇ ತಮ್ಮನಾದ ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಎರಡೂ ಕಿವಿ ಹಿಡಿದುಕೊಂಡು (ಪೆನ್ನು ಹಿಡಿಯಲು ಕೈ ಸಾಲದೆ ಅಕ್ಷರ ಸೊಟ್ಟಗಾಗಿದೆ, ಕ್ಷಮಿಸು) ಒಪ್ಪಿಕೊಳ್ಳುವುದೇನೆಂದರೆ: ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಿನ್ನ ಪೆನ್ಸಿಲ್ ಡಬ್ಬಿಯಿಂದ ಕಾಣೆಯಾದ ನಲವತ್ತೊಂದನೇ ನಂಬರಿನ ಕಾರ್ಡು, ಅಂದರೆ ಹಾರುವ ಅಳಿಲು, ತಾನಾಗಿ ಹಾರಿಹೋಗಿರಲಿಲ್ಲ. ಹಾರಿಸಿದವನು ನಾನು.

ಚೂಯಿಂಗ್ ಗಮ್ಮಿನ ಜೊತೆ ಒಂದೊಂದಾಗಿ ಬರುತ್ತಿದ್ದ ಆ ಪ್ರಾಣಿ ಕಾರ್ಡುಗಳನ್ನು ನೀನು ಎಷ್ಟು ಕಷ್ಟಪಟ್ಟು ಕೂಡಿಸಿದ್ದೆ ಎಂದು ನನಗೆ ಗೊತ್ತು. ಗಮ್ಮು ಅಗಿದು ದವಡೆ ನೋಯಿಸಿಕೊಂಡವನೂ ನಾನೇ. ಅಳಿಲು ಹೋದದ್ದಕ್ಕೆ ನೀನು ಪಕ್ಕದ ಮನೆಯ ಗುಂಗುರುಕೂದಲಿನವಳ ಮೇಲೆ ಅನುಮಾನಪಟ್ಟು ಒಂದು ವರ್ಷ ಅವಳ ಜೊತೆ ಮಾತು ಬಿಟ್ಟೆ. ಆಗ ನಾನು ನಿನ್ನ ಪಕ್ಕದಲ್ಲೇ ನಿಂತು, "ಅವಳ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಕ್ಕ" ಅಂದಿದ್ದೆ. ಅದೂ ಈ ತಪ್ಪೊಪ್ಪಿಗೆಯಲ್ಲಿ ಸೇರಿದೆ ಎಂದು ತಿಳಿ. ಕಾರ್ಡು ಈ ಲಕೋಟೆಯಲ್ಲೇ ಇದೆ. ಒಂದು ಮೂಲೆ ಮಡಚಿದೆ. ಮೂಲೆ ಹೋದರೆ ಬೆಲೆ ಹೋಯಿತು ಎಂದು ನೀನೇ ನಿನ್ನ ಕಾರ್ಡಂಗಡಿಯ ಗಿರಾಕಿಗಳಿಗೆ ಹೇಳುತ್ತೀಯಲ್ಲ, ನನಗೆ ಹೇಳಬೇಡ.

ಇವತ್ತು ಇದ್ದಕ್ಕಿದ್ದಂತೆ ಈ ಅಳಿಲು ಯಾಕೆ ಅಂತೀಯ. ಇರಲಿ. ಕೆಲಸದ ಮಾತಿಗೆ ಬರುತ್ತೇನೆ.

ನೀನು ಕೇಳಿದ ಮೇಲ್ಮನವಿ ಬರೆದು ಜೊತೆಗಿಟ್ಟಿದ್ದೇನೆ. ಕೊನೆಯ ದಿನಕ್ಕೆ ಇನ್ನು ಐದೇ ದಿನ, ಕೂಡಲೇ ಸಹಿ ಹಾಕು. ಬರೆಯುವ ಮುಂಚೆ ಕಾರ್ಡು ಕಂಪನಿ ನಿನಗೆ ಕಳಿಸಿದ ನೋಟಿಸನ್ನು ಹತ್ತು ಸಲ ಓದಿದೆ, ಹತ್ತು ಸಲವೂ ಮೈ ಉರಿಯಿತು. ಹೊಸ ಕಾರ್ಡುಗಳ ಬಿಡುಗಡೆಯ ದಿನ ನೀನು ಅನಧಿಕೃತ ಮೂಲದಿಂದ ಐದು ಬಾಕ್ಸು ಕಾರ್ಡು ಪಡೆದಿರುವುದು ಅವರ ಗಮನಕ್ಕೆ ಬಂದಿದೆಯಂತೆ. ಆದ್ದರಿಂದ ಕರಾರಿನ ಹನ್ನೊಂದನೇ ಕಲಮಿನ ಪ್ರಕಾರ ನೀನು ಇನ್ನು ಅವರ ಡೀಲರ್ ಅಲ್ಲವಂತೆ. ಆ ಅನಧಿಕೃತ ಮೂಲ ಅಂದರೆ ಯಾರು? ನಾನು, ಅವರದೇ ಇನ್ನೊಬ್ಬ ಡೀಲರು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಹೊದಿಕೆಗೆ ಜಗಳವಾಡಿ ಬೆಳೆದವರ ನಡುವೆ ಇನ್ಯಾವ ಅಧಿಕಾರಿಯ ಮೊಹರು ಬೇಕಿತ್ತು?

ಆ ದಿನ ನಡೆದದ್ದಾದರೂ ಏನು. ನೀನು ಇಪ್ಪತ್ತು ಬಾಕ್ಸು ಕೇಳಿದ್ದೆ, ಅವರು ಮೂರು ಕಳಿಸಿದರು. ಹತ್ತೂವರೆಗೆ ಮೂರೂ ಮುಗಿದು, ಕೌಂಟರಿನ ಮುಂದೆ ಜನ ನಿಂತೇ ಇದ್ದರು. ನೀನು ಫೋನು ಮಾಡಿ, "ಐದು ಬಾಕ್ಸು ಕೈಬದಲು ಕೊಡೋ, ನನ್ನದು ಬಂದ ತಕ್ಷಣ ವಾಪಸ್ ಕೊಡ್ತೀನಿ" ಅಂದೆ. ನಾನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಮೇಲೊಂದು ಟವೆಲು ಹೊದಿಸಿ ತಂದುಕೊಟ್ಟೆ. ಮುಂದಿನ ತಿಂಗಳು ನೀನು ಐದಕ್ಕೆ ಐದೂ ತಿರುಗಿಸಿದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆದರೆ ಹನ್ನೊಂದನೇ ಕಲಮು ಹೇಳುತ್ತದೆ: ಒಬ್ಬ ಡೀಲರು ಇನ್ನೊಬ್ಬ ಡೀಲರಿಗೆ ಸರಕನ್ನು ಮಾರಬಾರದು, ಸಾಲ ಕೊಡಬಾರದು, ಬದಲಿ ಕೊಡಬಾರದು, ಉಡುಗೊರೆಯಾಗಿಯೂ ಕೊಡಬಾರದು. ದಾನವನ್ನೂ ನಿಷೇಧಿಸಿದ ಮೊದಲ ವ್ಯಾಪಾರ ಇದೇ ಇರಬೇಕು.

ಇದನ್ನು ಕರಾರು ಎನ್ನುತ್ತಾರೆ. ಮುಂದೆ ಒಂದು 'ತ' ಬಿಟ್ಟುಹೋಗಿದೆ ಅಷ್ಟೆ. ಕರಾರು ಅಂದರೆ ಇಬ್ಬರು ಕೂತು ಒಪ್ಪುವುದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಅವರು ಕೂತಿದ್ದಾರೆ, ನಾವು ಒಪ್ಪಿದ್ದೇವೆ. ಅವರು ಯಾವಾಗ ಬೇಕಾದರೂ ಯಾವ ಕಲಮನ್ನಾದರೂ ಬದಲಿಸಬಹುದು, ನಾವು ಅಂಗಡಿಯ ಬೋರ್ಡಿನ ಬಣ್ಣ ಬದಲಿಸಲೂ ಅರ್ಜಿ ಹಾಕಬೇಕು. ಚೆನ್ನಾಗಿ ಹೋಗುವ ಸರಕು ಮೂರು ಬಾಕ್ಸು ಬೇಕೆಂದರೆ ಹೋದ ವರ್ಷದ ಬಿಕರಿಯಾಗದ ಸರಕು ಹತ್ತು ಬಾಕ್ಸು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು. ನಿನ್ನ ಅಂಗಡಿಯ ಮೆಟ್ಟಿಲ ಕೆಳಗೆ ಅವನ್ನು ಪೇರಿಸಿ ಪೇರಿಸಿ ಈಗ ಭಾವನಿಗೆ ಕೂರಲು ಒಳ್ಳೆಯ ಸ್ಟೂಲಾಗಿದೆ. ಇದಕ್ಕೆ ಅವರಿಟ್ಟ ಹೆಸರು ಹಂಚಿಕೆ. ಹಂಚಿಕೆಯಲ್ಲ ಇದು, ಹೊಂಚಿಕೆ.

ಮುಖ್ಯರಸ್ತೆಯ ಮೂರಂತಸ್ತಿನ ದೊಡ್ಡಂಗಡಿಗೂ ಇದೇ ಕರಾರೇ ತಾನೆ? ಅವರು ನೂರು ಕೇಳಿದರೆ ನೂರು ಬರುತ್ತದೆ. ಬಿಡುಗಡೆಯ ಶುಕ್ರವಾರ ಹತ್ತು ಗಂಟೆಗೆ ಮುಂಚೆ ಯಾರೂ ಬಾಕ್ಸು ಒಡೆಯಬಾರದು ಎಂಬ ನಿಯಮ ನಮಗೆ ವೇದವಾಕ್ಯ, ಅವರ ಗಾಜಿನೊಳಗೆ ಗುರುವಾರ ಸಂಜೆಯೇ ಕಾರ್ಡು ಹೊಳೆಯುತ್ತಿರುತ್ತದೆ. ಕಂಪನಿಯ ಪ್ರತಿನಿಧಿಯನ್ನು, ಅದೇ ಆ ಇಸ್ತ್ರಿಯನ್ನು, ಇದರ ಬಗ್ಗೆ ಕೇಳಿದೆ. ಶರಟಿನ ತೋಳಿನಲ್ಲಿ ಒಂದು ಸುಕ್ಕೂ ಮೂಡದ ಹಾಗೆ ಭುಜ ಕುಣಿಸಿ, "ಅವರ ವಾಲ್ಯೂಮ್ ಬೇರೆ ಸಾರ್" ಅಂದ. ವಾಲ್ಯೂಮ್ ಜಾಸ್ತಿ ಇದ್ದವರ ಮಾತು ಮಾತ್ರ ಕೇಳಿಸುತ್ತದೆ ಎಂದು ನನಗೂ ಅರ್ಥವಾಯಿತು.

ಅಕ್ಕ, ಇವರಿಗೆ ನಿನ್ನ ಅಂಗಡಿ ಏನೆಂದು ಗೊತ್ತೇ? ಹಿಂದೆ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದ ಹತ್ತಡಿ ಜಾಗ, ಈಗಲೂ ಮೂಲೆಯಲ್ಲಿ ಅಂಟಿನ ವಾಸನೆ. ಯಾರಿಗೆ ಯಾವ ನಂಬರು ಸಿಕ್ಕಿಲ್ಲ ಎಂದು ನೀನು ಬರೆದಿಡುವ ಆ ನೋಟ್‌ಬುಕ್ಕು, ಮೇಲೆ ನಾನೇ 'ಕಾಣೆಯಾದವರ ಪಟ್ಟಿ' ಎಂದು ಬರೆದುಕೊಟ್ಟದ್ದು. ಭಾನುವಾರ ಬೆಂಚಿನ ಮೇಲೆ ನಿವೃತ್ತ ನರ್ಸಮ್ಮನೂ ಬ್ಯಾಂಕಿನ ಗುಮಾಸ್ತನೂ ಕೂತು, ಒಂದು ಹದ್ದಿಗೆ ಎರಡು ಗೂಬೆ ಸಾಕೋ ಬೇಡವೋ ಎಂದು ಗಂಟೆಗಟ್ಟಲೆ ವಾದಿಸುವುದು. ದೊಡ್ಡಂಗಡಿಯಲ್ಲಿ ಕಾರ್ಡು ಮಾರುತ್ತಾರೆ, ನಿನ್ನಲ್ಲಿ ಕಾರ್ಡು ಕೈ ಸೇರುತ್ತದೆ. ಹೊಸ ಸರಕು ನಿಂತು ಒಂದು ತಿಂಗಳೂ ಆಗಿಲ್ಲ, ಮೊನ್ನೆ ಬಂದಾಗ ಬೆಂಚಿನ ಮೇಲೆ ನರ್ಸಮ್ಮ ಒಬ್ಬರೇ ಇದ್ದರು. ಹೊಸದು ಬರುವವರೆಗೂ ಹಳೆಯದನ್ನೇ ಅದಲುಬದಲು ಮಾಡಿಕೊಂಡಿರೋಣ ಬಿಡಮ್ಮ ಎಂದು ನಿನಗೆ ಸಮಾಧಾನ ಹೇಳುತ್ತಿದ್ದರು. ಯಾರ ಜೊತೆ ಮಾಡುವುದು? ನೀನು ಬೆನ್ನು ತಿರುಗಿಸಿ ಗಾಜು ಒರೆಸಿದೆ. ಇನ್ನೆರಡು ತಿಂಗಳು ಹೀಗೇ ಹೋದರೆ ಬಾಗಿಲು ಹಾಕುವುದೇ ಸರಿ ಎಂದು ಭಾವ ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ಈ ಮೇಲ್ಮನವಿಯಲ್ಲಿ ದೊಡ್ಡಂಗಡಿಯ ಮ್ಯಾನೇಜರನ ಹೆಸರು ಹಾಕಲೇಬೇಕು ಅಂದಿದ್ದೀಯ. ನಾನು ಸ್ಕೂಟರು ನಿಲ್ಲಿಸಿದಾಗ ಅವನು ಎದುರಿನ ಟೀ ಅಂಗಡಿಯಲ್ಲಿದ್ದ, ಟವೆಲಿನ ಕೆಳಗೆ ಏನಿದೆ ಎಂದು ಊಹಿಸಿ ಚಾಡಿ ಹೇಳಿದ ಎಂಬುದು ನಿನ್ನ ಲೆಕ್ಕ. ಹೋದ ವಾರ ನೀನು ಅವನ ಅಂಗಡಿಗೇ ನುಗ್ಗಿ, ಗಿರಾಕಿಗಳೆದುರಿಗೇ, "ಬಡವರ ಹೊಟ್ಟೆ ಮೇಲೆ ಹೊಡೆದು ಏನು ಗಂಟು ಕಟ್ಟಿಕೊಳ್ತೀರಪ್ಪ" ಎಂದು ಝಾಡಿಸಿದೆಯಲ್ಲ. ಅವನು ಬಿಟ್ಟಕಣ್ಣು ಬಿಟ್ಟುಕೊಂಡು, "ಮೇಡಂ, ನಿಮ್ಮ ಅಂಗಡಿ ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ" ಅಂದ. ನಿನಗೆ ಚಾಡಿಗಿಂತ ಆ ಮಾತೇ ಹೆಚ್ಚು ನೋಯಿಸಿತು, ಕಂಡೆ. ನಾನು ನಿನ್ನ ಹಿಂದೆ ನಿಂತು, ಗೊತ್ತಿಲ್ಲದವರಿಗೇ ಎಲ್ಲಾ ಗೊತ್ತಿರುತ್ತೆ ಎಂದು ಒಂದು ಒಗ್ಗರಣೆ ಹಾಕಿದೆ.

ಆದರೂ ಅವನ ಹೆಸರು ಹಾಕಿಲ್ಲ. ಸಾಕ್ಷಿಯಿಲ್ಲದ ದೂರು ನಮಗೇ ತಿರುಗುತ್ತದೆ. ಮೇಲ್ಮನವಿಯಲ್ಲಿ ಬರೆದಿರುವುದು ಇಷ್ಟೇ: ಗಿರಾಕಿಗಳು ಬರಿಗೈಯಲ್ಲಿ ಹೋಗಬಾರದೆಂದು ತಂದದ್ದು, ಲಾಭಕ್ಕಲ್ಲ, ತಂದಷ್ಟೂ ತಿರುಗಿಸಿದ್ದು.

ನನ್ನ ವಿಷಯಕ್ಕೆ ಬಂದರೆ, ನಾನು ಕಂಪನಿಗೆ ಯಾವತ್ತೂ ಬಗ್ಗಿದವನಲ್ಲ ಎಂದು ನಿನಗೆ ಗೊತ್ತೇ ಇದೆ. ಅಮ್ಮ ನನಗೆ ಗೀಚಪ್ಪ ಎಂದು ಹೆಸರಿಟ್ಟಿದ್ದರೂ ಕಂಪನಿಯ ಕಾಗದಗಳಲ್ಲಿ ನಾನು ಅಕ್ಷರಕ್ಕೆ ಪರಮ ಜಿಪುಣ. ವರ್ಷಕ್ಕೊಮ್ಮೆ ಬರುವ ಆ ಮಾಹಿತಿ ಫಾರಮ್ಮಿಗೆ ನನ್ನ ಬತ್ತಳಿಕೆಯಲ್ಲಿರುವುದು ಮೂರೇ ಬಾಣ: ಹೌದು, ಇಲ್ಲ, ಅನ್ವಯಿಸುವುದಿಲ್ಲ. ಇಸ್ತ್ರಿ ಎದುರು ಕೂತು ಎಷ್ಟು ಕೆದಕಿದರೂ ನಿನ್ನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಗಲ್ಲಾದ ಹಿಂದೆ ತೂಗುಹಾಕಿರುವ ಪ್ರಶಸ್ತಿಪತ್ರವೇನೋ ಅವರದೇ, ಆದರೆ ಅದು ಷೋಕೇಸು ಚೆಂದ ಜೋಡಿಸಿದ್ದಕ್ಕೆ ಸಿಕ್ಕಿದ್ದು ಎಂದು ನೀನು ಕೇಳಿದಾಗಲೇ ಹೇಳಿದ್ದೇನೆ. ಈ ಬೀದಿಯಲ್ಲಿ ಬೆನ್ನುಮೂಳೆ ಇರುವ ಡೀಲರು ಒಬ್ಬನಿದ್ದರೆ ಅದು ನಿನ್ನ ತಮ್ಮ.

ಭಾವನಿಗೆ ನಮಸ್ಕಾರ. ಬಾಗಿಲು ಹಾಕುವ ಮಾತು ಸದ್ಯಕ್ಕೆ ಬೇಡ ಎಂದು ಹೇಳು.

ಇಂತಿ,
ಯಾರಿಗೂ ತಲೆಬಾಗದ ನಿನ್ನ ತಮ್ಮ,
ಗೀಚಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿದ್ದೇನೆ. ಅಳಿಲಿನ ಕಳ್ಳತನ ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಆ ಮ್ಯಾನೇಜರು ನಿಜವಾಗಿಯೂ ಏನೂ ಹೇಳಿಲ್ಲ ಅಕ್ಕ. ಹೋಗಿ ಅವನ ಕ್ಷಮೆ ಕೇಳಬೇಕಾದವನು ನಾನು. ಮಾಹಿತಿ ಫಾರಮ್ಮಿನ ಹದಿನಾರು ಕಾಲಮ್ಮುಗಳಿಗೆ ಮೂರು ಬಾಣ ಬಿಟ್ಟದ್ದು ನಿಜ. ಹದಿನೇಳನೆಯದರಲ್ಲಿ, ಕಾರ್ಡು ಸಂಗ್ರಹದ ಹವ್ಯಾಸ ಬೆಳೆಸಲು ನೀವು ಮಾಡಿರುವ ಸೇವೆ ಏನು ಎಂದು ಕೇಳಿದ್ದರು. ಸೇವೆ ಎಂಬ ಪದ ನೋಡಿದ ಮೇಲೆ ನನ್ನ ಕೈ ನಿಲ್ಲಲಿಲ್ಲ. 'ಸಂಗ್ರಾಹಕರು ಬರಿಗೈಯಲ್ಲಿ ಮರಳುವ ಆ ವಿಷಮ ಘಳಿಗೆಯಲ್ಲಿ, ಸ್ವಂತ ಹಿತವನ್ನು ಬದಿಗೊತ್ತಿ, ಐದು ಬಾಕ್ಸುಗಳೊಡನೆ ನಾನು ಸೋದರಿಯ ಅಂಗಡಿಗೆ ಧಾವಿಸಿದೆ' ಎಂದು ಬರೆದೆ. ನಿನ್ನ ಅಂಗಡಿಯ ವಿಳಾಸ ಸಮೇತ. ಚೆನ್ನಾಗಿ ಬಂದಿದೆ ಎಂದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ ಕೂಡ.

ತಪ್ಪನ್ನು ತಾನಾಗಿ ತಿಳಿಸಿದ ಡೀಲರಿಗೆ ಮಾಫಿ ಎಂದು ಹನ್ನೆರಡನೇ ಕಲಮು ಹೇಳುತ್ತದೆ. ನನಗೆ ನೋಟಿಸು ಬರದಿದ್ದದ್ದು ಅದಕ್ಕೇ. ಪ್ರಶಸ್ತಿಪತ್ರದ ಕೊನೆಯ ಸಾಲಿನಲ್ಲಿ 'ಪ್ರಾಮಾಣಿಕ ವರದಿಗಾಗಿ' ಎಂದಿದೆ. ಅದು ಕಾಣದಿರಲೆಂದೇ ನಾನು ಮುಂದೆ ಕ್ಯಾಲೆಂಡರು ನಿಲ್ಲಿಸಿದ್ದು.

ಜೊತೆಗೆ ಇನ್ನೊಂದು ಕಾಗದವಿದೆ. ಅಕ್ಕನಿಗೆ ಹನ್ನೊಂದನೇ ಕಲಮು ಗೊತ್ತಿರಲಿಲ್ಲ, ಗೊತ್ತಿದ್ದೂ ಕೊಟ್ಟವನು ನಾನು, ರದ್ದು ಮಾಡುವುದಿದ್ದರೆ ನನ್ನದನ್ನು ಮಾಡಿ ಎಂದು ಕಂಪನಿಗೆ ಬರೆದು ಸಹಿ ಹಾಕಿದ್ದೇನೆ. ಮೂರು ದಿನದಿಂದ ಜೇಬಿನಲ್ಲಿಟ್ಟುಕೊಂಡು ಅಂಚೆ ಡಬ್ಬಿಯವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಬೆನ್ನುಮೂಳೆಯ ವಿಷಯ ಮೇಲೆ ಬರೆದದ್ದನ್ನು ಹೊಡೆದುಹಾಕಿ ಓದಿಕೋ. ಮೇಲ್ಮನವಿಯ ಜೊತೆ ಅದನ್ನೂ ಡಬ್ಬಿಗೆ ನೀನೇ ಹಾಕು.

ಹದಿನೇಳನೇ ಕಾಲಮ್ಮು ತುಂಬಲೇಬೇಕು ಎಂದೇನೂ ಇರಲಿಲ್ಲ ಅಕ್ಕ. ಪಕ್ಕದಲ್ಲೇ 'ಬೇಕಿದ್ದರೆ ಮಾತ್ರ' ಎಂದು ಅಚ್ಚು ಹಾಕಿದ್ದರು. ನಾನು ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದೆ.