ಪಂಪು ದೊಡ್ಡದಾದ ದಿನ

ಶಿವಮೊಗ್ಗ
ಭಾನುವಾರ

ಪ್ರೀತಿಯ ಅಪ್ಪನಿಗೆ,

ಭದ್ರಾವತಿಯಲ್ಲಿ ನಿಮ್ಮ ಬಡಾವಣೆಗೆ ನೀರು ಕೊಡುವ ಹೊಸ ಪಂಪ್‌ಹೌಸಿನ ನಕ್ಷೆ ನಮ್ಮ ಆಫೀಸಿನಲ್ಲೇ ತಯಾರಾಗುತ್ತಿದೆ. ಪಂಪು ಹರಿಪ್ರಸಾದನ ಪಾಲು, ತಳಪಾಯ ದಿವ್ಯಶ್ರೀಯದು, ಕೇಬಲ್ಲು ನನ್ನದು. ಈಗ ಹೊಸದಾಗಿ ಕಂಪ್ಯೂಟರಿನಲ್ಲಿ ಮೂವರಿಗೂ ಒಂದೇ ಡೇಟಾಬೇಸ್. ಯಾರು ಏನು ಬದಲಿಸಿದರೂ ಎಲ್ಲರಿಗೂ ಕಾಣುತ್ತದೆ.

ನಿನ್ನೆ ಹರಿಪ್ರಸಾದ್ ನಕ್ಷೆಯಲ್ಲಿ ಪಂಪನ್ನು ದೊಡ್ಡದು ಮಾಡಿದ. ಆ ಕ್ಷಣವೇ ನನ್ನ ಪರದೆಯಲ್ಲಿ ಕೇಬಲ್ಲಿನ ಸಾಲು ಕೆಂಪಾಯಿತು. ಅಷ್ಟು ವಿದ್ಯುತ್ತನ್ನು ಅದು ತಾಳುವುದಿಲ್ಲವಂತೆ! ಎದ್ದು ಹೋಗಿ ಅವನನ್ನು ಕೇಳಿದೆ.

"ನಾನಿನ್ನೂ ಯಾರಿಗೂ ಹೇಳೇ ಇಲ್ಲ ಮಾರಾಯ್ತಿ, ನಿಂಗೆ ಹೆಂಗೆ ಗೊತ್ತಾಯ್ತು?" ಎಂದ.

ಅತ್ತ ದಿವ್ಯಶ್ರೀ ಆಗಲೇ ತಳಪಾಯವನ್ನು ಅಗಲ ಮಾಡುತ್ತಿದ್ದಳು.

ನನಗೆ ನಿಮ್ಮ ನೆನಪಾಯಿತು. ನೀವು ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಯಲ್ಲಿ ಅಂದು ದೊಡ್ಡ ಮೋಟಾರು ಕೂರಿಸಿದ್ದನ್ನು ನಿಮಗೆ ಯಾರೂ ಹೇಳಿರಲಿಲ್ಲ. ಹಳೆಯ ಕೇಬಲ್ಲು ಹೊತ್ತಿಕೊಂಡು ನಿಮ್ಮ ಕೈ ಸುಟ್ಟಿತು. ಆಮೇಲೆ ನೀವು ಯಾವ ಮೋಟಾರಿನ ಹತ್ತಿರವೂ ಹೋಗಲಿಲ್ಲ.

ಇಲ್ಲಿ ಒಬ್ಬರು ಬಾಯಿ ತೆರೆಯುವ ಮೊದಲೇ ಇನ್ನಿಬ್ಬರಿಗೆ ಎಚ್ಚರಿಕೆ ತಲುಪಿತ್ತು, ಅಪ್ಪ. ಎಷ್ಟೋ ಹೊತ್ತು ಆ ಕೆಂಪು ಸಾಲನ್ನೇ ನೋಡುತ್ತಾ ಕುಳಿತಿದ್ದೆ. ಆಮೇಲೆ ನಕ್ಷೆಯಲ್ಲಿ ದಪ್ಪ ಕೇಬಲ್ಲು ಹಾಕಿದೆ.

ಪಂಪು ಶುರುವಾಗುವ ದಿನ ನೀವು ಬರಲೇಬೇಕು. ಸ್ವಿಚ್ಚು ನಾನು ಒತ್ತುತ್ತೇನೆ. ನೀವು ನನ್ನ ಪಕ್ಕದಲ್ಲಿ ನಿಂತಿರಿ.

ನಿಮ್ಮ ಮಗಳು,
ಲಿಖಿತಾ